ಎರಡನೆಯ ಕುರ್ಚಿ

ಖಾನಾಪುರ ತಾಲ್ಲೂಕಿನ ಶಾಲೆಗಳಿಗೆ ಆಟೋಟದ ಹಂಗಾಮು ಬರುವುದು ಮಳೆಗಾಲದಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಕಣಕುಂಬಿ, ಜಾಂಬೋಟಿ ಕಡೆ ಇನ್ನೂ ಬಿಟ್ಟಿರುವುದಿಲ್ಲ. ಮಲಪ್ರಭೆ ಕೆಂಪು ನೀರು ತುಂಬಿಕೊಂಡು ಹರಿಯುತ್ತಿರುತ್ತಾಳೆ. ಅಂಥದರಲ್ಲಿಯೇ ಪಿ.ಟಿ. ಮಾಸ್ತರು ಮೈದಾನದ ಕೆಸರಿಗೆ ಒಂದಿಷ್ಟು ಮರಳು ಹಾಕಿಸಿ, ಸುಣ್ಣದ ಗೆರೆ ಎಳೆಸಿ, ಹುಡುಗರನ್ನು ಆಡಿಸಿ ನೋಡಿ, ಸಂಜೆಯ ಹೊತ್ತಿಗೆ ಜೇಬಿನಿಂದ ಒಂದು ಹಾಳೆ ತೆಗೆದು ಹೆಸರು ಓದುತ್ತಾರೆ. ಹನ್ನೆರಡು ಹೆಸರು. ಕಬಡ್ಡಿಯಾದರೆ ಅದರಲ್ಲಿ ಅಂಕಣಕ್ಕೆ ಇಳಿಯುವವರು 7, ಬ್ಯಾಸ್ಕೆಟ್‌ಬಾಲ್ ಆದರೆ ಬರೀ 5. ಉಳಿದವರು ಬೆಂಚು ಕಾಯಬೇಕು. ಹದಿಮೂರನೆಯ ಹುಡುಗನಿಗೆ ಬೆಂಚೂ ಇಲ್ಲ.

ತಾಲ್ಲೂಕಿನಲ್ಲಿ ಗೆದ್ದ ತಂಡ ಜಿಲ್ಲಾ ಮಟ್ಟಕ್ಕೆಂದು ಬೆಳಗಾವಿಗೆ ಬರುತ್ತದೆ. ದಾರಿ ಬಹಳವಿಲ್ಲ, 26 ಕಿಲೊಮೀಟರ್. ಬಸ್ಸಿನಲ್ಲಿ ಬಂದರೂ ಆಯಿತು, ಲೋಂಡಾ ಕಡೆಯಿಂದ ಬರುವ ರೈಲು ಹಿಡಿದರೂ ಆಯಿತು. ಅಲ್ಲಿ ಗೆದ್ದರೆ ವಿಭಾಗ ಮಟ್ಟ, ಅದರಾಚೆ ರಾಜ್ಯ ಮಟ್ಟ. ಒಂದೊಂದು ಮೆಟ್ಟಿಲು ಹತ್ತಿದಂತೆ ಉದುರಿಹೋಗುವವರೇ ಹೆಚ್ಚು. ಇದು ಎಲ್ಲ ಪಾಲಕರಿಗೂ ಗೊತ್ತಿರುವ ಲೆಕ್ಕ.

ಆದರೆ ಹೀಗೆ ಹೊರಡುವ ತಂಡದ ಜೊತೆಗೆ ಬಹುತೇಕ ಶಾಲೆಗಳಲ್ಲಿ ಆಡದ ಹುಡುಗನೊಬ್ಬ ಹೊರಟಿರುತ್ತಾನೆ. ಚೆಂಡಿನ ಚೀಲ ಅವನ ಹೆಗಲ ಮೇಲೆ, ನೀರಿನ ಬಾಟಲಿ ಅವನ ಕೈಯಲ್ಲಿ, ಅಂಕ ಬರೆಯುವ ವಹಿ ಅವನ ಕಂಕುಳಲ್ಲಿ. ಮನೆಯಲ್ಲಿ ಅವನಿಗೆ ಬೈಗುಳ ತಪ್ಪಿದ್ದಲ್ಲ. “ಆಟಕ್ಕ ಇಲ್ಲ ಏನಿಲ್ಲ, ಮಂದೀ ಚೀಲಾ ಹೊರಾಕ ಯಾಕ ಹೋಗ್ತೀಪಾ? ಅಷ್ಟೊತ್ತು ಕುಂತು ಗಣಿತಾ ಮಾಡು” ಎನ್ನುವ ಅಪ್ಪನ ಮಾತಿನಲ್ಲಿ ತಪ್ಪೇನೂ ಇಲ್ಲ. ಎಸ್ಸೆಸ್ಸೆಲ್ಸಿ ಯಾರನ್ನೂ ಬಿಡುವುದಿಲ್ಲ. ಆದರೂ ಆ ಹುಡುಗ ಹೋಗುತ್ತಾನೆ. ಮೊದಲ ಅರ್ಧ ಮುಗಿದು ಹುಡುಗರು ಏದುಸಿರು ಬಿಡುತ್ತ ನೀರು ಕುಡಿಯುವಾಗ ಮಾಸ್ತರ ಹತ್ತಿರ ಹೋಗಿ ಮೆಲ್ಲಗೆ ಒಂದು ಮಾತು ಹೇಳುತ್ತಾನೆ: “ಸರ, ಆ ಎತ್ತರದಾವ ಎಡಕ್ಕಷ್ಟ ಹೊರಳತಾನ್ರಿ. ಬಲಕ್ಕ ಒಮ್ಮಿನೂ ಹೋಗಿಲ್ರಿ.”

ಮಾಸ್ತರು ಈ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಾರೋ ಇಲ್ಲವೋ ಅದು ಬೇರೆ. ಜಗತ್ತಿನಲ್ಲಿ ಈ ಒಂದು ಮಾತನ್ನು ಹೇಳುವುದೇ ಉದ್ಯೋಗವಾಗಿ, ಅದರಲ್ಲಿಯೇ ಎಷ್ಟೋ ವರ್ಷ ಕಳೆದವರಿದ್ದಾರೆ. ಅವರಿಗೆ ಸಹಾಯಕ ತರಬೇತುದಾರರು ಎಂದು ಹೆಸರು. ಪತ್ರಿಕೆಯ ಚಿತ್ರದಲ್ಲಿ ಅವರು ಕಾಣುವುದು ಅಪರೂಪ, ಕಂಡರೂ ಹಿಂದಿನ ಸಾಲಿನಲ್ಲಿ ಅರ್ಧ ಮುಖ.

ಬೆಳಗಾವಿಗೆ ಈ ಎರಡನೆಯ ಮನುಷ್ಯನ ಪರಿಚಯವಿಲ್ಲವೆಂದಲ್ಲ. ಕುಸ್ತಿಯ ತಾಲೀಮುಗಳಲ್ಲಿ ವಸ್ತಾದರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಮಣ್ಣಿನೊಳಗೆ ಇಳಿದು ಹೊಸ ಹುಡುಗನಿಗೆ ಪಟ್ಟು ಹಾಕುವುದು, ಬಿಡಿಸಿಕೊಳ್ಳುವುದು ಕಲಿಸುವವನು ಅವರ ಕೈಕೆಳಗಿನ ಹಿರಿಯ ಪೈಲ್ವಾನ. ಅವನ ಕುಸ್ತಿಯ ದಿನಗಳು ಮುಗಿದಿರುತ್ತವೆ, ಇಲ್ಲವೆ ಎಂದೂ ಸರಿಯಾಗಿ ಆರಂಭವಾಗಿಯೇ ಇರುವುದಿಲ್ಲ. ಜಾತ್ರೆಯ ಕಣದಲ್ಲಿ ಗೆದ್ದ ಹುಡುಗನಿಗೆ ಬೆಳ್ಳಿ ಗದೆ ಸಿಗುತ್ತದೆ, ವಸ್ತಾದರಿಗೆ ರುಮಾಲು ಸಿಗುತ್ತದೆ, ಈತನಿಗೆ ಹುಡುಗನ ಬೆವರು ಒರೆಸಿದ ಪಂಜೆ ಉಳಿಯುತ್ತದೆ. ಹಾಕಿಯಲ್ಲಿಯೂ ಹಾಗೆಯೇ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬಂಡು ಪಾಟೀಲರ ಹೆಸರು ಬೆಳಗಾವಿಯ ಹಳಬರಿಗೆ ಇಂದಿಗೂ ಬಾಯಿಪಾಠ. ಅವರ ಕಾಲದ ಹುಡುಗರಿಗೆ ದಿನವೂ ಸಂಜೆ ಚೆಂಡು ತಳ್ಳಿಕೊಟ್ಟವರು ಯಾರೆಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕು.

ಶಾಲಾ ಕ್ರೀಡೆಯ ಲೆಕ್ಕದಲ್ಲಿ ಬೆಳಗಾವಿ ವಿಭಾಗ ಎಂದರೆ ಬೆಳಗಾವಿ ಒಂದೇ ಅಲ್ಲ. ಘಟ್ಟದ ಕೆಳಗಿನ ಉತ್ತರ ಕನ್ನಡವೂ ಅದರಲ್ಲಿ ಸೇರುತ್ತದೆ. ಆ ಜಿಲ್ಲೆಯ ಕುಮಟಾದಿಂದ ಬಂದ ಒಬ್ಬ ಹದಿಮೂರನೆಯ ಹುಡುಗನ ಕತೆಯನ್ನು ಇಲ್ಲಿ ಹೇಳಲೇಬೇಕು. ಹೆಸರು ರಾಘವೇಂದ್ರ. ಭಾರತ ಕ್ರಿಕೆಟ್ ತಂಡದವರ ಬಾಯಲ್ಲಿ ರಘು.

ರಾಘವೇಂದ್ರ ಆಟಗಾರನಾಗಬೇಕೆಂದು ಹೊರಟವರು. ಕುಮಟಾ ಬಿಟ್ಟು ಹುಬ್ಬಳ್ಳಿಗೆ ಬಂದರು. ಕೈಯಲ್ಲಿ ಕಾಸಿಲ್ಲದೆ ಅಲ್ಲಿ ಇಲ್ಲಿ ಮಲಗಿ ದಿನ ದೂಡಿದ ಕತೆಯನ್ನು ಪತ್ರಿಕೆಗಳು ಹಲವು ಸಲ ಬರೆದಿವೆ. ಕೈ ಮುರಿದು ಆಟದ ಆಸೆ ಮುಗಿಯಿತು. ಬೇರೆಯವರಾದರೆ ಊರಿನ ಬಸ್ಸು ಹತ್ತುತ್ತಿದ್ದರು. ಇವರು ಬೆಂಗಳೂರಿಗೆ ಹೋಗಿ ಬ್ಯಾಟುಗಾರರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆದುಕೊಡುವ ಕೆಲಸಕ್ಕೆ ನಿಂತರು. ಬೆಳಿಗ್ಗೆ, ಸಂಜೆ, ನೂರಾರು ಚೆಂಡು. ಅಲ್ಲಿಂದ ಕರ್ನಾಟಕ ತಂಡ, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2011ರ ಸುಮಾರಿಗೆ ಭಾರತ ತಂಡ. (ಮನೆ ಬಿಟ್ಟು ಓಡಿದರೆ ಎಲ್ಲರೂ ಹೀಗೆ ದಡ ಸೇರುತ್ತಾರೆಂದು ಯಾವ ಹುಡುಗನೂ ತಿಳಿಯಬಾರದು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಅಲ್ಲಿಯೇ ಉಳಿದವರ ಕತೆಯನ್ನು ಯಾರೂ ಬರೆಯುವುದಿಲ್ಲ.)

ರಾಘವೇಂದ್ರ ಮಾಡುವ ಕೆಲಸ ನೋಡುವುದಕ್ಕೆ ಸಣ್ಣದು. ಉದ್ದ ಹಿಡಿಕೆಯ ಸೌಟಿನಂಥ ಒಂದು ಸಾಧನ ಇದೆ, ಅದರ ಬಾಯಲ್ಲಿ ಚೆಂಡು ಇಟ್ಟು ಬೀಸಿ ಎಸೆದರೆ ಗಂಟೆಗೆ 150 ಕಿಲೊಮೀಟರ್‌ನಷ್ಟು ವೇಗ ಬರುತ್ತದೆ. ಅಂಥ ವೇಗದಲ್ಲಿ ದಿನವಿಡೀ ಬೌಲ್ ಮಾಡಬಲ್ಲ ಬೌಲರ್ ಜಗತ್ತಿನಲ್ಲಿ ಯಾರೂ ಇಲ್ಲ. ಸೌಟು ಹಿಡಿದವನು ಎಸೆಯಬಲ್ಲ, ಅದೂ ಬೇಕಾದ ಜಾಗಕ್ಕೆ. ಎಡಗೈ ಬೌಲರ್‌ಗಳ ಓರೆ ಬೇಕೆಂದರೆ ಅದಕ್ಕೆ ಶ್ರೀಲಂಕಾದ ನುವಾನ್ ಸೆನೆವಿರತ್ನೆ ಬಂದರು. ಮುಂದೆ ಪಶ್ಚಿಮ ಬಂಗಾಳದ ದಯಾನಂದ ಗರಾನಿ ಸೇರಿದರು. 2013ರಿಂದ ಈಚೆಗೆ ಭಾರತದ ಬ್ಯಾಟುಗಾರರು ವೇಗದ ಬೌಲಿಂಗನ್ನು ಮೊದಲಿಗಿಂತ ಚೆನ್ನಾಗಿ ಎದುರಿಸುತ್ತಿದ್ದರೆ ಅದಕ್ಕೆ ರಘು ಕಾರಣ ಎಂದು ವಿರಾಟ್ ಕೊಹ್ಲಿ 2020ರಲ್ಲಿ ಬಾಯಿಬಿಟ್ಟು ಹೇಳಿದರು. 2023ರ ಜನವರಿಯಲ್ಲಿ ಶತಕ ಹೊಡೆದ ಮೇಲೆ ಈ ಮೂವರನ್ನೂ ಕ್ಯಾಮೆರಾದ ಮುಂದೆ ಕರೆದು ನಿಲ್ಲಿಸಿದರು.

ಇನ್ನೊಂದು ಸಂಗತಿ 2022ರ ನವೆಂಬರ್ 2ರದು. ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್ ಪಂದ್ಯ, ಎದುರಾಳಿ ಬಾಂಗ್ಲಾದೇಶ. 185 ರನ್ ಗುರಿ ಬೆನ್ನಟ್ಟಿದ ಬಾಂಗ್ಲಾ 7 ಓವರ್‌ಗೆ ವಿಕೆಟ್ ಕಳೆದುಕೊಳ್ಳದೆ 66 ರನ್ ಮಾಡಿದ್ದಾಗ ಮಳೆ ಬಂತು. ಮಳೆ ನಿಂತ ಮೇಲೆ 16 ಓವರ್‌ಗೆ 151 ಎಂದು ಗುರಿ ತಿದ್ದಿದರು. ಮೈದಾನ ಒದ್ದೆ. ಆಗ ಗಡಿರೇಖೆಯ ಗುಂಟ ಕೈಯಲ್ಲೊಂದು ಬ್ರಷ್ ಹಿಡಿದು ಒಬ್ಬ ಮನುಷ್ಯ ಓಡಾಡುತ್ತಿದ್ದುದನ್ನು ಟಿ.ವಿ. ನೋಡಿದವರೆಲ್ಲ ಕಂಡರು. ಆಟಗಾರರ ಬೂಟಿನ ಮುಳ್ಳುಗಳಿಗೆ ಮೆತ್ತಿದ ಹುಲ್ಲು ಮಣ್ಣು ಕೆರೆದು ತೆಗೆಯುವುದು ಅವರ ಕೆಲಸ. ಆ ಮನುಷ್ಯ ರಘು. ಮಳೆಯ ನಂತರ ಆಟ ಶುರುವಾದ ಕೂಡಲೆ ಚೆನ್ನಾಗಿ ಆಡುತ್ತಿದ್ದ ಲಿಟನ್ ದಾಸ್ ಎರಡನೆಯ ರನ್ನಿಗೆ ತಿರುಗುವಾಗ ಕಾಲು ಜಾರಿತು, ಕೆ.ಎಲ್. ರಾಹುಲ್ ದೂರದಿಂದ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿಯಿತು. ಭಾರತ 5 ರನ್ನಿನಿಂದ ಗೆದ್ದಿತು. ಬ್ರಷ್ಷಿನಿಂದಲೇ ಗೆದ್ದಿತೆಂದರೆ ಅದು ಉತ್ಪ್ರೇಕ್ಷೆ. ಆದರೆ ಅಂದು ಒದ್ದೆ ಹುಲ್ಲಿನ ಮೇಲೆ ಒಬ್ಬರ ಕಾಲು ನಿಂತಿತು, ಇನ್ನೊಬ್ಬರದು ಜಾರಿತು. ಖಾನಾಪುರದ ಕೆಸರಿನಲ್ಲಿ ಆಡುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ರಿಕೆಟ್ಟಿನಲ್ಲಿ ಇಂಥವರ ಕೆಲಸ ಅಭ್ಯಾಸದ ಬಲೆಯೊಳಗೆ ನಡೆಯುತ್ತದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ, ಅಲ್ಲಿ ಸಹಾಯಕನಿಗೆ ಪಂದ್ಯದ ಹೊತ್ತಿನಲ್ಲಿಯೇ ಮುಖ್ಯ ತರಬೇತುದಾರನ ಮಗ್ಗುಲಲ್ಲಿ ಒಂದು ಕುರ್ಚಿ ಇದೆ. ಅಂತರರಾಷ್ಟ್ರೀಯ ನಿಯಮ ಪುಸ್ತಕವೇ ಅವನನ್ನು ಹೆಸರಿಸುತ್ತದೆ. ಆಟ ನಡೆದಿರುವಾಗ ಮುಖ್ಯ ತರಬೇತುದಾರ, ಮೊದಲ ಸಹಾಯಕ ಇಬ್ಬರಲ್ಲಿ ಒಬ್ಬರು ಮಾತ್ರ ಎದ್ದು ನಿಲ್ಲಬಹುದು. ವಿರಾಮ ಬೇಡುವ ಹಕ್ಕು ಇಬ್ಬರಿಗೂ ಇದೆ. ಮುಖ್ಯಸ್ಥನನ್ನು ಹೊರಹಾಕಿದರೆ, ಇಲ್ಲವೆ ಅವನಿಗೆ ಆರೋಗ್ಯ ಕೈಕೊಟ್ಟರೆ ತಂಡ ಸಹಾಯಕನ ಕೈಗೆ ಬರುತ್ತದೆ. ಮುಖ್ಯಸ್ಥ ಎದ್ದು ನಿಂತಿರುವಾಗ ಅವನು ಕುಳಿತೇ ಇರಬೇಕು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ಹತ್ತು ಮಂದಿ ಓಡಾಡುವುದನ್ನು ಕುಳಿತಲ್ಲಿಂದ ನೋಡಿ ಬರೆದುಕೊಳ್ಳಬೇಕು.

ಆ ಕುರ್ಚಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರಾದವರು ಅಮೆರಿಕದ ಟೆಕ್ಸ್ ವಿಂಟರ್. ಹುಟ್ಟಿದ್ದು 1922ರ ಫೆಬ್ರುವರಿ 25, ಟೆಕ್ಸಸ್ ರಾಜ್ಯದಲ್ಲಿ. ಹೆತ್ತವರಿಟ್ಟ ಹೆಸರು ಮಾರಿಸ್. ಹತ್ತು ವರ್ಷವಾಗಿದ್ದಾಗ ತಂದೆ ತೀರಿಹೋದರು. ಅದು ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಬೀದಿಗೆ ಬಿದ್ದ ಕಾಲ. ಮುಂದೆ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿನ ಹುಡುಗರು, ಟೆಕ್ಸಸ್‌ನಿಂದ ಬಂದವನೆಂದು ‘ಟೆಕ್ಸ್’ ಎಂದು ಕರೆದರು. ಬೈಲಹೊಂಗಲದಿಂದ ಬಂದ ಹುಡುಗನನ್ನು ಹಾಸ್ಟೆಲಿನಲ್ಲಿ ಹೊಂಗಲ ಎಂದು ಕರೆದಂತೆ. ಆ ಹೆಸರೇ ಉಳಿಯಿತು. ವಿಂಟರ್ ಕೋಲು ಹಿಡಿದು ಜಿಗಿಯುವುದರಲ್ಲಿ ಗಟ್ಟಿಗರಾಗಿದ್ದರು. ಒಲಿಂಪಿಕ್ಸ್‌ನ ಮಾತೂ ಇತ್ತು. ಆದರೆ ಯುದ್ಧದಿಂದಾಗಿ 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ನೌಕಾಪಡೆಯಲ್ಲಿ ವಿಮಾನ ಹಾರಿಸುವುದು ಕಲಿತು, ಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಸ್ಯಾಮ್ ಬ್ಯಾರಿ ಎಂಬ ಗುರುಗಳ ಕೈಯಲ್ಲಿ ಆಟದ ಒಂದು ಪದ್ಧತಿ ಕಲಿತರು. ಅದನ್ನೇ ತಿದ್ದಿ ತೀಡುತ್ತ ಜೀವಮಾನ ಕಳೆದರು.

ಅದು ತ್ರಿಕೋನ ಪದ್ಧತಿ. ಹೇಳುವುದಕ್ಕೆ ಕಷ್ಟವಿಲ್ಲ. ಅಂಕಣದ ಒಂದು ಪಕ್ಕದಲ್ಲಿ ಮೂವರು ನಿಲ್ಲುತ್ತಾರೆ: ಒಬ್ಬ ಮೂಲೆಯಲ್ಲಿ, ಒಬ್ಬ ಬದಿಯಲ್ಲಿ, ಒಬ್ಬ ಬುಟ್ಟಿಯ ಹತ್ತಿರ. ಇದು ತ್ರಿಕೋನ. ಉಳಿದಿಬ್ಬರು ಆಚೆ ಪಕ್ಕದಲ್ಲಿ. ಒಬ್ಬರಿಂದೊಬ್ಬರಿಗೆ 15ರಿಂದ 20 ಅಡಿ ಅಂತರ ಇರಬೇಕು. ಅದಕ್ಕಿಂತ ಹತ್ತಿರವಾದರೆ ಎದುರಾಳಿಯ ಒಬ್ಬನೇ ಇಬ್ಬರನ್ನು ಕಾಯಬಲ್ಲ. ದೂರವಾದರೆ ಚೆಂಡು ನಡುವೆಯೇ ಕಳುವಾಗುತ್ತದೆ. ಇಷ್ಟಾದ ಮೇಲೆ ಮೊದಲೇ ಗೊತ್ತುಮಾಡಿದ ಓಟ ಯಾವುದೂ ಇಲ್ಲ. ಎದುರಾಳಿ ಯಾವ ದಾರಿ ಮುಚ್ಚಿದನೋ ಅದನ್ನು ಬಿಟ್ಟು ಅವನು ತೆರೆದಿಟ್ಟ ದಾರಿಯಲ್ಲಿ ಚೆಂಡು ಹೋಗಬೇಕು. ಯಾವ ದಾರಿ ತೆರೆದಿದೆ ಎಂಬುದನ್ನು ಐವರೂ ಒಂದೇ ಕಾಲಕ್ಕೆ ಓದಬೇಕು. ಕಲಿಸುವುದು ಕಷ್ಟ ಎನ್ನುವುದು ಇಲ್ಲಿಯೇ. ಒಬ್ಬನಿಗೆ ಕಲಿಸಿದರೆ ಸಾಲದು, ಐವರೂ ಒಟ್ಟಿಗೆ ಕಲಿಯಬೇಕು.

ವಿಂಟರ್ 1947ರಲ್ಲಿ ಕಾನ್ಸಾಸ್ ಸ್ಟೇಟ್ ಕಾಲೇಜಿನಲ್ಲಿ ಸಹಾಯಕರಾಗಿ ಸೇರಿದರು. ನಡುವೆ ಎರಡು ವರ್ಷ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ ಮುಖ್ಯಸ್ಥರಾಗಿ ಹೋಗಿ ಬಂದು, 1953ರಿಂದ 1968ರವರೆಗೆ ಕಾನ್ಸಾಸ್ ಸ್ಟೇಟ್‌ನ ಮುಖ್ಯ ತರಬೇತುದಾರರಾದರು. ತಂಡವನ್ನು ಎರಡು ಸಲ, 1958 ಮತ್ತು 1964ರಲ್ಲಿ, ದೇಶದ ಕೊನೆಯ ನಾಲ್ಕರ ಘಟ್ಟಕ್ಕೆ ಒಯ್ದರು. 1962ರಲ್ಲಿ ತಮ್ಮ ಪದ್ಧತಿಯ ಮೇಲೆ ಒಂದು ಪುಸ್ತಕವನ್ನೂ ಬರೆದರು. ಅಲ್ಲಿಗೆ ನಿಲ್ಲಿಸಿದ್ದರೆ ಅವರದು ಒಳ್ಳೆಯ ಕಾಲೇಜು ತರಬೇತುದಾರನೊಬ್ಬನ ಕತೆಯಾಗುತ್ತಿತ್ತು. ಮುಂದೆ ಇಳಿಜಾರು. ವೃತ್ತಿಪರ ತಂಡವಾದ ಹೂಸ್ಟನ್ ರಾಕೆಟ್ಸ್‌ಗೆ 1971ರಲ್ಲಿ ಮುಖ್ಯಸ್ಥರಾಗಿ ಹೋದರು. ತಂಡದ ದೊಡ್ಡ ಆಟಗಾರ ಎಲ್ವಿನ್ ಹೇಸ್‌ಗೂ ಅವರಿಗೂ ಹೊಂದಲಿಲ್ಲ. 51 ಗೆಲುವು, 78 ಸೋಲು. ಎರಡನೆಯ ಹಂಗಾಮಿನ ನಡುವೆಯೇ ಕೆಲಸ ಹೋಯಿತು. ಆಮೇಲೆ ಒಂದು ಕಾಲೇಜು, ಇನ್ನೊಂದು ಕಾಲೇಜು. ಅರವತ್ತು ದಾಟಿತು. ಇನ್ನು ಮನೆಯಲ್ಲಿ ಕೂಡುವುದೇ ಸರಿ ಎನ್ನುವ ವಯಸ್ಸು.

1985ರಲ್ಲಿ ಷಿಕಾಗೊ ಬುಲ್ಸ್ ತಂಡದ ಆಡಳಿತ ಜೆರ್ರಿ ಕ್ರಾಸ್ ಎಂಬವರ ಕೈಗೆ ಬಂತು. ಕ್ರಾಸ್‌ಗೆ ವಿಂಟರ್ ಹಳೆಯ ಪರಿಚಯ. 63 ವರ್ಷದ ವಿಂಟರ್‌ರನ್ನು ಕರೆದು ಸಹಾಯಕ ತರಬೇತುದಾರರ ಕುರ್ಚಿ ಕೊಟ್ಟರು. ಆ ತಂಡದಲ್ಲಿ ಆಗ ಮೈಕೆಲ್ ಜೋರ್ಡಾನ್ ಇದ್ದರು. ಅಷ್ಟು ದೊಡ್ಡ ಆಟಗಾರನಿದ್ದೂ ತಂಡ ಒಂದು ಸಲವೂ ಪ್ರಶಸ್ತಿ ಗೆದ್ದಿರಲಿಲ್ಲ.

ಇಲ್ಲಿ ಪಾಲಕರು ಗಮನಿಸಬೇಕಾದ ನಾಲ್ಕು ವರ್ಷಗಳಿವೆ. 1985ರಿಂದ 1989ರವರೆಗೆ ಇಬ್ಬರು ಮುಖ್ಯ ತರಬೇತುದಾರರು ಬಂದು ಹೋದರು. ಇಬ್ಬರೂ ಮುದುಕನ ತ್ರಿಕೋನವನ್ನು ಕೈಗೆತ್ತಿಕೊಳ್ಳಲಿಲ್ಲ. ಎರಡನೆಯ ಕುರ್ಚಿಯಲ್ಲಿ ಕುಳಿತವನಿಗೆ ಸಲಹೆ ಕೊಡುವ ಹಕ್ಕಿದೆ. ಅದು ನಡೆಯಲೇಬೇಕೆಂಬ ಹಕ್ಕಿಲ್ಲ. ಒಂದು ಕಾಲದಲ್ಲಿ ತಾನೇ ಯಜಮಾನನಾಗಿದ್ದು, ಪುಸ್ತಕ ಬರೆದು, ಈಗ ತನಗಿಂತ ಎಷ್ಟೋ ಕಿರಿಯನಾದವನ ಮಗ್ಗುಲಲ್ಲಿ ಬಾಯಿಮುಚ್ಚಿ ಕೂಡುವುದೆಂದರೆ ಸಣ್ಣ ಮಾತಲ್ಲ. ವಿಂಟರ್ ಬಾಯಿ ಪೂರ್ತಿ ಮುಚ್ಚಿಕೊಳ್ಳುವ ಸ್ವಭಾವದವರೂ ಆಗಿರಲಿಲ್ಲ. ಆದರೆ ಬಿಟ್ಟು ಹೋಗಲಿಲ್ಲ. ಆಟಗಾರರಿಗೆ ಚೆಂಡು ಹಿಡಿಯುವುದು, ಎದೆಮಟ್ಟದಿಂದ ಎರಡೂ ಕೈಯಲ್ಲಿ ದಾಟಿಸುವುದು, ಕಾಲು ಊರಿ ತಿರುಗುವುದು ಕಲಿಸುತ್ತ ಉಳಿದರು. ಕೋಟಿಗಟ್ಟಲೆ ಸಂಬಳದ ಆಟಗಾರರಿಗೆ ಏಳನೆಯ ಇಯತ್ತೆಯ ಪಾಠ! 1987ರಲ್ಲಿ ಫಿಲ್ ಜಾಕ್ಸನ್ ಎಂಬ ಇನ್ನೊಬ್ಬ ಸಹಾಯಕ ಬಂದರು. ಮುದುಕನ ಮಾತನ್ನು ಕಿವಿಗೊಟ್ಟು ಕೇಳಿದವರು ಅವರು. 1989ರಲ್ಲಿ ಜಾಕ್ಸನ್ ಮುಖ್ಯ ತರಬೇತುದಾರರಾದಾಗ ತ್ರಿಕೋನ ಅಂಕಣಕ್ಕಿಳಿಯಿತು.

ಕೂಡಲೆ ಗೆಲುವು ಬಂತೆಂದರೆ ಅದು ಸಿನಿಮಾ. ಬರಲಿಲ್ಲ. 1988, 1989ರಲ್ಲಿ ಬುಲ್ಸ್‌ನ್ನು ಹೊರಗೆ ಹಾಕಿದ್ದ ಡೆಟ್ರಾಯಿಟ್ ಪಿಸ್ಟನ್ಸ್ 1990ರಲ್ಲಿಯೂ ಏಳನೆಯ ಪಂದ್ಯದವರೆಗೆ ಎಳೆದು ಹೊರಗೆ ಹಾಕಿತು. ಜೋರ್ಡಾನ್‌ಗೆ ಈ ಪದ್ಧತಿ ಮೊದಲು ಒಗ್ಗಲೂ ಇಲ್ಲ. ಚೆಂಡು ಕೈಗೆ ಬಂದರೆ ತಾನೇ ನುಗ್ಗಿ ಬುಟ್ಟಿಗೆ ಹಾಕಬಲ್ಲವನು ಇನ್ನೊಬ್ಬನಿಗೆ ಯಾಕೆ ಕೊಡಬೇಕು? ಈ ಇಬ್ಬರ ನಡುವಿನ ಒಂದು ಜಗಳ ಪ್ರಸಿದ್ಧವಾಗಿದೆ. 2009ರಲ್ಲಿ ತಮಗೆ ಗೌರವ ಸಂದಾಗ ಜೋರ್ಡಾನ್ ತಾವೇ ನಗುತ್ತ ಹೇಳಿದರು. ಒಂದು ಪಂದ್ಯದಲ್ಲಿ ಜೋರ್ಡಾನ್ ಒಬ್ಬರೇ ಮೇಲಿಂದ ಮೇಲೆ ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದರಂತೆ. ಹೊರಗೆ ಬರುವಾಗ ವಿಂಟರ್, ಇಂಗ್ಲಿಷಿನ ‘ಟೀಮ್’ ಎಂಬ ಪದದಲ್ಲಿ ‘ಐ’ ಅಕ್ಷರ ಇಲ್ಲ, ಅಂದರೆ ‘ನಾನು’ ಇಲ್ಲ ಎಂದರು. ಜೋರ್ಡಾನ್ ತಿರುಗಿ, ‘ವಿನ್’ ಎಂಬ ಪದದಲ್ಲಿ ಇದೆಯಲ್ಲ ಎಂದರು. ನಿಜ ಹೇಳಬೇಕೆಂದರೆ ಆ ಸಂಜೆಯ ಮಟ್ಟಿಗೆ ಜೋರ್ಡಾನ್ ಮಾತೇ ಸರಿ, ಪಂದ್ಯ ಗೆದ್ದಿತ್ತಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಜೀವನದ ದೊಡ್ಡ ದಿನದಲ್ಲಿ ನೆನೆಯಲು ಅವರಿಗೆ ಬೇಕಾದುದು ಆ ಮುದುಕನ ಬೈಗುಳ.

1991ರಲ್ಲಿ ಬುಲ್ಸ್ ಪಿಸ್ಟನ್ಸ್‌ನ್ನು 4-0ರಿಂದ ಉರುಳಿಸಿ ಫೈನಲ್‌ಗೆ ಬಂತು. ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಐದನೆಯ ಪಂದ್ಯದ ಕೊನೆಯ ಭಾಗದಲ್ಲಿ ಎದುರಾಳಿಗಳು ಜೋರ್ಡಾನ್ ಸುತ್ತಲೇ ಮುತ್ತಿಕೊಂಡಿದ್ದರು. ವಿರಾಮದಲ್ಲಿ ಜಾಕ್ಸನ್ ಜೋರ್ಡಾನ್‌ಗೆ ಒಂದೇ ಪ್ರಶ್ನೆ ಕೇಳಿದರು: ಖಾಲಿ ಇರುವವರು ಯಾರು? ಜಾನ್ ಪ್ಯಾಕ್ಸನ್ ಎಂದು ಉತ್ತರ ಬಂತು. ಹಾಗಾದರೆ ಅವನಿಗೆ ಕೊಡು. ಪ್ಯಾಕ್ಸನ್ ಹೆಸರು ಅಮೆರಿಕದ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಆ ಕೊನೆಯ ನಿಮಿಷಗಳಲ್ಲಿ ಅವರು ಒಂದರ ಮೇಲೊಂದು ಬುಟ್ಟಿಗೆ ಹಾಕಿದರು. ಬುಲ್ಸ್ 4-1ರಿಂದ ಮೊದಲ ಪ್ರಶಸ್ತಿ ಗೆದ್ದಿತು. ಆಗ ವಿಂಟರ್‌ಗೆ 69 ವರ್ಷ. ಆಮೇಲೆ 1992, 1993. ಮತ್ತೆ 1996, 1997, 1998. ಜಾಕ್ಸನ್ 1999ರಲ್ಲಿ ಲಾಸ್ ಏಂಜಲೀಸ್‌ಗೆ ಹೋದಾಗ ವಿಂಟರ್‌ರನ್ನೂ ಕರೆದುಕೊಂಡು ಹೋದರು. ಅಲ್ಲಿ 2000, 2001, 2002. ಎಂಬತ್ತರ ಹರೆಯದಲ್ಲಿ ಒಂಬತ್ತನೆಯ ಪ್ರಶಸ್ತಿ. ಯಾವುದರಲ್ಲಿಯೂ ಮುಖ್ಯಸ್ಥನೆಂದು ಅವರ ಹೆಸರಿಲ್ಲ.

ಸಹಾಯಕನ ದಿನಚರಿ ಹೇಗಿರುತ್ತದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ದೊಡ್ಡ ತಂಡಗಳಲ್ಲಿ ಸಹಾಯಕರು ಹಲವರಿರುತ್ತಾರೆ. ಒಬ್ಬರಿಗೆ ದಾಳಿಯ ಹೊಣೆ, ಒಬ್ಬರಿಗೆ ರಕ್ಷಣೆಯ ಹೊಣೆ. ಬುಲ್ಸ್‌ನಲ್ಲಿ ವಿಂಟರ್ ದಾಳಿ ನೋಡಿಕೊಂಡರೆ ಜಾನಿ ಬ್ಯಾಕ್ ರಕ್ಷಣೆ ನೋಡಿಕೊಳ್ಳುತ್ತಿದ್ದರು. ಮುಂದಿನ ವಾರ ಎದುರಾಗುವ ತಂಡದ ಹಳೆಯ ಪಂದ್ಯಗಳ ಚಿತ್ರ ಹಾಕಿಕೊಂಡು, ನಿಲ್ಲಿಸಿ, ಹಿಂದೆ ಮಾಡಿ, ಮತ್ತೆ ನೋಡಿ, ಯಾರು ಯಾವ ಕೈಯಲ್ಲಿ ಚೆಂಡು ಬಡಿಯುತ್ತಾರೆ, ದಣಿದಾಗ ಯಾವ ತಪ್ಪು ಮಾಡುತ್ತಾರೆ ಎಂದು ಬರೆದಿಡುವುದು ಒಂದು ಕೆಲಸ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದು, ಹಿಂದಿನ ರಾತ್ರಿ ಆಡಲು ಅವಕಾಶ ಸಿಗದ ಆಟಗಾರನಿಗೆ ಚೆಂಡು ಹೆಕ್ಕಿ ಹೆಕ್ಕಿ ಕೊಡುವುದು ಇನ್ನೊಂದು. ಮುಖ್ಯಸ್ಥ ಬೈದ ಆಟಗಾರನನ್ನು ಮೂಲೆಗೆ ಕರೆದು, ಅದನ್ನೇ ಬೈಗುಳವಿಲ್ಲದ ಮಾತಿನಲ್ಲಿ ತಿಳಿಸಿ ಹೇಳುವುದು ಮತ್ತೊಂದು. ಕೂಡುಕುಟುಂಬದಲ್ಲಿ ಅಪ್ಪ ಗದರಿದ ಮೇಲೆ ಕಾಕಾ ಮಾಡುವ ಕೆಲಸ ಇದು.

ಕುರ್ಚಿಗೆ ಭದ್ರತೆ ಇಲ್ಲ ಎಂಬುದನ್ನೂ ಮುಚ್ಚಿಡಬಾರದು. ತಂಡ ಸೋತು ಮುಖ್ಯಸ್ಥ ಹೋದರೆ ಅವನ ಜೊತೆಗೆ ಬಂದವರೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ಹೊಸಬ ತನ್ನವರನ್ನು ಕರೆತರುತ್ತಾನೆ. ವರ್ಷದಲ್ಲಿ ಅರ್ಧ ಕಾಲ ರೈಲು, ವಿಮಾನ, ಹೋಟೆಲು. ಮಕ್ಕಳ ಶಾಲೆ ಬದಲಿಸುವ ತೊಂದರೆ ಬೇರೆ. ಹೀಗಿದ್ದೂ ಅಮೆರಿಕದಲ್ಲಿ ಇದು ಸಂಬಳದ ಉದ್ಯೋಗ, ಏಕೆಂದರೆ ಅಲ್ಲಿ ಶಾಲೆಯಿಂದ ವೃತ್ತಿಪರ ತಂಡದವರೆಗೆ ಪ್ರತಿ ಹಂತದಲ್ಲಿಯೂ ಎರಡನೆಯ ಕುರ್ಚಿ ಇದೆ. ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್ ಹಳೆಯದೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿ ಆಡಿಸಿದ ಆಟವನ್ನು ವೈ.ಎಂ.ಸಿ.ಎ. ಸಂಸ್ಥೆಯವರು ಇಲ್ಲಿಗೆ ತಂದರು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಿದ್ದ ಮಾಸ್ತರುಗಳು ದಕ್ಷಿಣದ ಊರೂರಿಗೆ ಇಂಥ ಆಟಗಳನ್ನು ಒಯ್ದರು. 1934ರಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು, 1950ರಲ್ಲಿ ಫೆಡರೇಷನ್ ಆಯಿತು. ಆದರೂ ವೃತ್ತಿಪರ ಲೀಗ್ ಎಂಬುದು ಇಲ್ಲಿ ಇನ್ನೂ ಗಟ್ಟಿಯಾಗಿ ಬೇರೂರಿಲ್ಲ. ಆಟಗಾರರಿಗೆ ಅನ್ನ ಕೊಟ್ಟದ್ದು ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು, ತೈಲ ಕಂಪನಿಗಳ ತಂಡಗಳು. ಸಿಮೆಂಟಿನ ಅಂಕಣ, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಬುಟ್ಟಿ ಹಿಡಿಯುವ ಗಟ್ಟಿ ಕಂಬ ಬೇಡುವ ಆಟವಾದ್ದರಿಂದ ಕಬಡ್ಡಿ, ಖೋ ಖೋ ಹಳ್ಳಿಗಳಲ್ಲಿ ಹಬ್ಬಿದಂತೆ ಇದು ಹಬ್ಬಲೂ ಇಲ್ಲ.

ಹಾಗೆಂದು ಖಾನಾಪುರದ ಹುಡುಗನಿಗೋ ಹುಡುಗಿಗೋ ದಾರಿಯೇ ಇಲ್ಲ ಎಂದಲ್ಲ. ದಾರಿ ಶಾಲೆಯ ಮೂಲಕ ಹೋಗುತ್ತದೆ. ಪದವಿ ಮುಗಿಸಿ ಬಿ.ಪಿ.ಎಡ್. ಮಾಡಿದವರು ದೈಹಿಕ ಶಿಕ್ಷಕರಾಗಬಹುದು. ಓದುವುದಕ್ಕೆ ಧಾರವಾಡಕ್ಕಿಂತ ದೂರ ಹೋಗಬೇಕಿಲ್ಲ. ತರಬೇತುದಾರರೇ ಆಗಬೇಕೆನ್ನುವವರು ಪಟಿಯಾಲಾದ ಹಳೆಯ ಅರಮನೆಯಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾದತ್ತ ನೋಡಬೇಕು. ಜನರ ಬಾಯಲ್ಲಿ ಅದು ‘ಎನ್‌.ಐ.ಎಸ್‌. ಮಾಡುವುದು’. ಶಿಕ್ಷಕರಾಗಿದ್ದುಕೊಂಡೇ ಕಲಿಯುವವರಿಗೆ ಆರು ವಾರಗಳ ಸರ್ಟಿಫಿಕೇಟ್ ಶಿಬಿರಗಳೂ ಇವೆ. ಪ್ರವೇಶಕ್ಕೆ ಆಟದಲ್ಲಿ ಒಂದು ಮಟ್ಟದ ಸಾಧನೆಯನ್ನು ಕೇಳುತ್ತಾರೆ. ಆದ್ದರಿಂದ ಆಟ ಬಿಟ್ಟು ಬರೀ ವಹಿ ಹಿಡಿದರೆ ನಡೆಯುವುದಿಲ್ಲ. ಹನ್ನೆರಡರಲ್ಲಿ ಸೇರಲು ಮತ್ತೆ ಮತ್ತೆ ಹೆಣಗಬೇಕು. ಗಣಿತ ಮಾಡೆಂದ ಅಪ್ಪನ ಮಾತೂ ವ್ಯರ್ಥವಲ್ಲ. ಅಂಕಣದಲ್ಲಿ ಯಾವ ಜಾಗದಿಂದ ಎಸೆದರೆ ನೂರಕ್ಕೆ ಎಷ್ಟು ಬೀಳುತ್ತದೆ ಎಂಬ ಲೆಕ್ಕವೇ ಇಂದಿನ ತರಬೇತುದಾರನ ದಿನದ ಊಟ.

ವಿಂಟರ್‌ಗೆ 2009ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆ ಹೊತ್ತಿಗೂ ಅವರು ಲೇಕರ್ಸ್ ತಂಡಕ್ಕೆ ಸಲಹೆಗಾರರಾಗಿದ್ದರು. ನೈಸ್ಮಿತ್ ಹೆಸರಿನ ಗೌರವ ಭವನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದೆ. ಅದಕ್ಕೆ ವಿಂಟರ್ ಹೆಸರು ಸೇರಬೇಕೆಂದು ಜಾಕ್ಸನ್ ವರ್ಷಗಟ್ಟಲೆ ವಾದಿಸಿದರು. ಹಲವು ಸಲ ಹೆಸರು ಹೋಗಿ ತಿರುಗಿ ಬಂತು. ಕೊನೆಗೆ 2011ರಲ್ಲಿ, 89ನೆಯ ವಯಸ್ಸಿನಲ್ಲಿ ಸೇರಿತು. 2018ರ ಅಕ್ಟೋಬರ್ 10ರಂದು 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು ಕಾನ್ಸಾಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಊರಿನಲ್ಲಿ. 1947ರಲ್ಲಿ ಮೊದಲ ಸಲ ಸಹಾಯಕನಾಗಿ ಸೇರಿದ್ದ ಕಾಲೇಜು ಇರುವುದು ಅದೇ ಊರಿನಲ್ಲಿ.

ಮುಂದಿನ ಹಂಗಾಮಿಗೆ ಖಾನಾಪುರದ ಮೈದಾನದಲ್ಲಿ ಮತ್ತೆ ಸುಣ್ಣದ ಗೆರೆ ಬೀಳುತ್ತದೆ. ಹಾಳೆಯಲ್ಲಿ ಹನ್ನೆರಡು ಹೆಸರು ಓದಿ ಮಾಸ್ತರು ಹಾಳೆ ಮಡಚುವಾಗ, ಗುಂಪು ಚದುರಿದ ಮೇಲೂ ಒಬ್ಬ ನಿಂತೇ ಇರುತ್ತಾನೆ.

“ಏನಪಾ, ನಿನ್ನ ಹೆಸರು ಬರ್ಲಿಲ್ಲಂತ ಬ್ಯಾಸರಾ?”

“ಆತ್ರಿ ಸರ. ಆದ್ರ ವಹಿ ನಾ ಬರೀತೇನ್ರಿ. ಬೆಳಗಾಂವಿಯವರು ಹೆಂಗ ಆಡ್ತಾರಂತ ಹ್ವಾದ ವರ್ಷ ಬರಕೊಂಡದ್ದು ಐತ್ರಿ. ತರ್ಲೇನ್ರಿ?”